ಎಂಜಿನ್ ಕವರಿನ ಮೇಲೆ ರೇಷ್ಮೆ ಎಳೆ

ನನಗೆ ಯಾರೂ ನಿವೃತ್ತಿ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಹಾರ ಹಾಕುವವರಿಲ್ಲ, ಶಾಲು ಹೊದಿಸುವವರೂ ಇಲ್ಲ. ಒಂದು ದಿನ ಲೋಹ ಉಜ್ಜುವ ಅರವನ್ನು, ನಮ್ಮ ಕಡೆಯ ಕಾನಸವನ್ನು, ಒರೆಸಿ ಗೋಡೆಯ ಗೂಡಿನಲ್ಲಿ ಇಟ್ಟೆ, ಅಲ್ಲಿಗೆ ಮುಗಿಯಿತು. ಈಗ ನಮ್ಮ ಓಣಿಯಲ್ಲಿ ಹೊಸದಾಗಿ ಈ ಕೆಲಸಕ್ಕೆ ಕೂತ ಹೆಣ್ಣುಮಕ್ಕಳು ಹೋಗುತ್ತ ಬರುತ್ತ ಕೇಳುತ್ತಾರೆ: “ಇನ್ನೂ ಗಟ್ಟಿ ಅದೀರಲ್ಲ ಸುಶೀಲಕ್ಕ, ಯಾಕ ಬಿಟ್ರಿ?” ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಹತ್ತನೆಯ ತರಗತಿ ಪಾಸಾದ ಕೈ ಇದು, ಬರೆದೇ ಬಿಡೋಣ ಎಂದು ಕುಳಿತಿದ್ದೇನೆ. ಓದುವವರು ಓದಿ, ಬೇಡವಾದವರು ಈ ಹಾಳೆಯಲ್ಲಿ ಒಗ್ಗರಣೆಯ ಸಾಸಿವೆ ಕಟ್ಟಿಕೊಳ್ಳಿ.

ಮೋಟರ್ ಸೈಕಲ್ಲಿನ ಎಂಜಿನ್ನಿನ ಎರಡೂ ಪಕ್ಕಕ್ಕೆ ಬೆಳ್ಳಗಿನ ಮುಚ್ಚಳ ಇರುತ್ತದೆ, ಸವಾರನ ಪಾದದ ಹತ್ತಿರ. ಅದೇ ಎಂಜಿನ್ ಕವರು. ಬಾಗಲಕೋಟೆಯ ಒಂದು ಕಾರ್ಖಾನೆಯಲ್ಲಿ ಕರಗಿದ ಅಲ್ಯುಮಿನಿಯಂ ಅನ್ನು ಅಚ್ಚಿಗೆ ಒತ್ತಿ ಅದನ್ನು ಮಾಡುತ್ತಾರೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಲೋಹ ತುಸು ಹೊರಗೆ ಜಿನುಗಿ, ಕಡುಬಿನ ಅಂಚಿಗೆ ಹೆಚ್ಚಿನ ಹಿಟ್ಟು ನಿಂತ ಹಾಗೆ ತೆಳ್ಳಗೆ ನಿಲ್ಲುತ್ತದೆ. ಅದಕ್ಕೆ ನಾವು ಸಿಪ್ಪಿ ಎನ್ನುತ್ತಿದ್ದೆವು. ಸಿಪ್ಪಿ ತೆಗೆದ ಮೇಲೂ ಬೆರಳಿಗೆ ಚುಚ್ಚುವಂಥ ಚೂಪು ಉಳಿಯುತ್ತದೆ, ಅದು ಮುಳ್ಳು. ಕಾನಸ ಹಾಕಿ ಸಿಪ್ಪಿ ತೆಗೆಯುವುದು, ಮುಳ್ಳು ತೆಗೆಯುವುದು, ಬೋಲ್ಟಿನ ತೂತುಗಳನ್ನು ಗುಂಡು ಕಾನಸದಿಂದ ಹಸನು ಮಾಡುವುದು, ಕೊನೆಗೆ ಪಾಲಿಶ್ ಪೇಪರಿನಿಂದ ತಿಕ್ಕುವುದು. ಹುಸೇನಸಾಬರ ಟೆಂಪೊ ಬಾಗಲಕೋಟೆಯಿಂದ ಪೆಟ್ಟಿಗೆ ತಂದು ಇಲಕಲ್ಲಿನ ನಮ್ಮ ಓಣಿಯಲ್ಲಿ ಮನೆ ಮನೆಗೆ ಇಳಿಸುತ್ತಿತ್ತು. ಎರಡು ದಿನ ಬಿಟ್ಟು ಒಯ್ಯುತ್ತಿತ್ತು. ಹೇಳಿದರೆ ಇಷ್ಟೇ ಕೆಲಸ, ಮಾಡಿದರೆ ಗೊತ್ತಾಗುತ್ತದೆ.

ನಮ್ಮದು ಮಗ್ಗದ ಮನೆ. ಅತ್ತೆ ತಂಗೆವ್ವ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಹೆಸರಾದವರು. ಸಾವಿರಾರು ಎಳೆ, ಒಂದಕ್ಕೊಂದು ಕೊಂಡಿ. ಒಂದು ತಪ್ಪಿದರೆ ಸೆರಗಿನುದ್ದಕ್ಕೂ ಅದು ಕಾಣುತ್ತದೆ. ಅವರ ಕಣ್ಣಿಗೆ ಪೊರೆ ಬಂತು, ಶಸ್ತ್ರಚಿಕಿತ್ಸೆ ಮಾಡಿಸಿದರೂ ಒಂದು ಕಣ್ಣು ಹೋಯಿತು, ಇನ್ನೊಂದು ಅರೆಬರೆ ಉಳಿಯಿತು. ಮಗ್ಗ ಮಾರಿದೆವು. ಅಂದಿನಿಂದ ಅವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ತೊಡೆಯ ಮೇಲೆ ಬೆರಳು ಮಾತ್ರ ಆಡುತ್ತಿದ್ದವು, ಇಲ್ಲದ ಎಳೆಗೆ ಕೊಂಡಿ ಹಾಕುತ್ತ. ಅದನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ನನ್ನ ಗಂಡ ವಿರೂಪಾಕ್ಷ ಗ್ರಾನೈಟ್ ಕಾರ್ಖಾನೆಗೆ ಪಾಲಿಶ್ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ.

ಪಕ್ಕದ ಮನೆಯ ಮೆಹಬೂಬಿ ಮೊದಲು ಕವರಿನ ಕೆಲಸ ಹಿಡಿದಳು, ಆಮೇಲೆ ನನ್ನನ್ನೂ ಎಳೆದಳು. ಮೊದಲ ದಿನ ಒಂದು ಕವರು ಮುಗಿಸಿ ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

“ಏನ್ ನೋಡಾಕತ್ತೀ?” ಎಂದರು ಅತ್ತೆ ಕಂಬದ ಬಳಿಯಿಂದ.

“ಮುಳ್ಳು ಉಳದಾವೇನು ಅಂತ ರೀ.”

“ಮುಳ್ಳು ಕಣ್ಣಿಗೆ ಕಾಣತೈತೇನ ಹುಚ್ಚಿ? ಇಲ್ಲಿ ತಾ.”

ಸೀರೆಯ ಗಂಟಿನಿಂದ ರೇಷ್ಮೆಯ ಒಂದು ಎಳೆ ತೆಗೆಸಿದರು. ಅದನ್ನು ಎರಡು ಕೈಯಲ್ಲಿ ಹಿಡಿದು ಕವರಿನ ಅಂಚಿನ ಮೇಲೆ ಮೆಲ್ಲಗೆ ಎಳೆದರು. ಎಳೆ ಸರಸರ ಹೋಯಿತು, ಒಂದು ಕಡೆ ನಿಂತಿತು. “ಇಲ್ಲೈತಿ ನೋಡು,” ಎಂದರು. ಅಲ್ಲೇ ಇತ್ತು, ಕೂದಲಿನಷ್ಟು. ಮರುದಿನ ಒಂದು ಕಾನಸ ಅವರ ಕೈಗೂ ಬಂತು. ತೊಡೆಯ ಮೇಲೆ ಆಡುತ್ತಿದ್ದ ಬೆರಳುಗಳಿಗೆ ಕೆಲಸ ಸಿಕ್ಕಿತು. ಆ ವಾರದಿಂದ ಅತ್ತೆ ಊಟದಲ್ಲಿ ಉಪ್ಪು ಕಡಿಮೆ ಎಂದು ಜಗಳ ತೆಗೆಯಲು ಶುರು ಮಾಡಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಓಣಿಯೆಲ್ಲ ರೇಷ್ಮೆ ಎಳೆ ಹಿಡಿಯಿತು. ಎಳೆ ನಿಂತರೆ ಮುಳ್ಳು, ಹೋದರೆ ಪಾಸು. ಮೊದಲ ದೊಡ್ಡ ತಪ್ಪೂ ಅದರಿಂದಲೇ ಆಯಿತು. ಕವರಿನ ಒಳಮೈಯಲ್ಲಿ ಉಬ್ಬಿದ ಅಂಕಿಗಳಿರುತ್ತವೆ. ಯಾವ ಅಚ್ಚಿನಲ್ಲಿ ಎರಕವಾಯಿತು ಎಂಬ ಗುರುತು. ನಮಗೇನು ಗೊತ್ತು? ಎಳೆ ಸಿಕ್ಕಿಕೊಂಡಿತು ಎಂದು ನಾನೂ ಮೆಹಬೂಬಿಯೂ ಎರಡು ಪೆಟ್ಟಿಗೆಯ ಅಂಕಿಗಳನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿ ಕಳಿಸಿದೆವು. ರಟ್ಟೆ ನೋವಿಗೆ ಎಣ್ಣೆ ತಿಕ್ಕಿಕೊಂಡು ಹೊಗಳಿಕೆಗೆ ಕಾಯುತ್ತ ಕುಳಿತೆವು. ಬಂದದ್ದು ಕುಲಕರ್ಣಿಯವರು.

ಕುಲಕರ್ಣಿಯವರು ಕಾರ್ಖಾನೆಯ ತಪಾಸಣೆಯವರು. ಅವರಿಗಿಂತ ಮೊದಲಿದ್ದವನು ಪೆಟ್ಟಿಗೆ ಎಣಿಸುತ್ತಿದ್ದ, ಕವರು ನೋಡುತ್ತಿರಲಿಲ್ಲ. ಇವರು ಕವರು ನೋಡುತ್ತಿದ್ದರು, ನಮ್ಮ ಮುಖ ನೋಡುತ್ತಿರಲಿಲ್ಲ. ಜೇಬಿನಲ್ಲಿ ಕೆಂಪು ಸೀಸದ ಕಡ್ಡಿ, ತಪ್ಪಿದ ಜಾಗಕ್ಕೆ ಸುತ್ತು ಹಾಕುತ್ತಿದ್ದರು. ಅವತ್ತು ಹೊಸ್ತಿಲ ಹೊರಗೇ ನಿಂತು, “ಮಗೂನ ಹಣಿಬರಹಾನೂ ಹಿಂಗ ಅಳಿಸಿಬಿಡ್ತೀರೇನವಾ ನೀವು?” ಎಂದರು. ಮೆಹಬೂಬಿ ನಕ್ಕುಬಿಟ್ಟಳು. ಅವರು ನಗಲಿಲ್ಲ.

ಆ ಮನುಷ್ಯ ನಕ್ಕದ್ದು ಒಮ್ಮೆ. ನನ್ನ ಗಂಡ ತಮ್ಮ ಕಾರ್ಖಾನೆಯಿಂದ ಕೆಂಪು ಕಲ್ಲಿನ ಒಂದು ತುಂಡು ಹಲಗೆ ತಂದರು. ತಾವೇ ಪಾಲಿಶ್ ಮಾಡಿದ್ದು, ಮುಖ ಕಾಣುವಷ್ಟು ಹೊಳಪು. “ಇದರ ಮ್ಯಾಲ ಇಟ್ಟು ಕೆಲಸ ಮಾಡು, ರಾಣಿ ಹಂಗ,” ಎಂದರು. ಇಟ್ಟ ಕವರೆಲ್ಲ ಟಕಟಕ ಅಲುಗಾಡತೊಡಗಿದವು. ಎಲ್ಲವೂ ಸೊಟ್ಟ ಬಂದಿವೆ ಎಂದು ಹುಸೇನಸಾಬರ ಕೈಯಲ್ಲಿ ಹೇಳಿ ಕಳಿಸಿದೆ, ತುಸು ಗತ್ತಿನಿಂದಲೇ. ಕುಲಕರ್ಣಿಯವರು ಕಲ್ಲನ್ನು ಹೊಸ್ತಿಲಿಗೆ ತರಿಸಿ, ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಮೊದಲು ಕವರಿನ ಮೇಲೆ ಇಟ್ಟರು, ಆಮೇಲೆ ಕಲ್ಲಿನ ಮೇಲೆ. ಕಲ್ಲಿನ ಮೇಲಿಟ್ಟಾಗ ಮಾತ್ರ ಪಟ್ಟಿಯ ಕೆಳಗೆ ಬೆಳಕು ಕಂಡಿತು. “ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ. ಇಲ್ಲಿ ನೆಲ ಖರೇನ ಡೊಂಕದ, ನೀವು ಕಾಲಿಗೆ ಬೈಲಿಕ್ಕತ್ತೀರಿ!” ಎಂದು ಹೊಟ್ಟೆ ಹಿಡಿದು ನಕ್ಕರು. ಕಲ್ಲು ಹೊಳೆಯುತ್ತದೆ ಎಂದರೆ ಸಮವಾಗಿದೆ ಎಂದಲ್ಲ ಎಂದು ಅಂದು ಕಲಿತೆ. ನನ್ನ ಗಂಡ ಎರಡು ದಿನ ಮಾತಾಡಲಿಲ್ಲ. ಆ ಕಲ್ಲು ಈಗಲೂ ಇದೆ, ಅದರ ಮೇಲೆ ಚಟ್ನಿ ಅರೆಯುತ್ತೇನೆ.

ಈ ಕೆಲಸಕ್ಕೆ ಬಂದವರಿಗೆ ಕೆಲವು ಮಾತು ಮೊದಲೇ ಹೇಳಬೇಕು. ಅಲ್ಯುಮಿನಿಯಂ ಬೆಳ್ಳಗಿದ್ದರೂ ಅದರ ಪುಡಿ ಕೈಯನ್ನು ಕಪ್ಪು ಮಾಡುತ್ತದೆ. ಹುಣಸೆಹಣ್ಣು ಹಚ್ಚಿ ತೊಳೆಯಿರಿ, ಅಡುಗೆಗೆ ಹೋಗುವ ಮೊದಲು ಸೀರೆ ಝಾಡಿಸಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕೂರಬೇಡಿ. ನಾವು ಕೂತೆವು, ಕೆಮ್ಮಿದೆವು. ಇನ್ನೊಂದು ರೋಗ ಬರುತ್ತದೆ, ಅದಕ್ಕೆ ಔಷಧವಿಲ್ಲ. ಕಂಡ ಕಂಡ ಗಾಡಿಯ ಕವರು ಸವರಿ ನೋಡುವ ರೋಗ. ಬೇವೂರಿನ ತಂಗಿಯ ಮನೆಗೆ ಹೊರಟಿದ್ದೆ, ಹುನಗುಂದದ ಬಸ್ ನಿಲ್ದಾಣದ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಕೂತು ಒಂದೊಂದನ್ನೇ ಬೆರಳಿನಿಂದ ನೋಡುತ್ತಿದ್ದೆ. “ಏ ಯವ್ವಾ, ನನ್ನ ಗಾಡೀಗೆ ಯಾಕ ಮೈ ತಿಕ್ಕಾಕತ್ತೀರಿ?” ಎಂದು ಒಬ್ಬ ಚಹಾದ ಲೋಟ ಹಿಡಿದೇ ಓಡಿಬಂದ. “ನಿನ್ನ ಗಾಡೀದು ಅಲ್ಲಪಾ, ನಂದು ನೋಡಾಕತ್ತೀನಿ,” ಎಂದೆ. ಅವನಿಗೆ ಏನು ತಿಳಿಯಿತೋ, ಗಾಡಿಯನ್ನು ತಳ್ಳಿಕೊಂಡು ದೂರ ನಿಲ್ಲಿಸಿದ.

ಹೀಗೇ ವರ್ಷಗಳು ಹೋದವು. ಆಮೇಲೆ ಕೆಲಸದ ರೀತಿ ಬದಲಾಯಿತು. ಮೊದಲು ಬರೀ ಎರಕದ ಕವರು ಬರುತ್ತಿದ್ದವು. ಈಗ ಯಂತ್ರದಲ್ಲಿ ಮುಖ ಕೆತ್ತಿದ ಕವರೂ ಬರತೊಡಗಿದವು. ಮುಖ ಎಂದರೆ ಎಂಜಿನ್ನಿಗೆ ಹತ್ತಿ ಕೂರುವ ಸಪಾಟು ಪಟ್ಟಿ. ಅದರಲ್ಲಿ ಎಣ್ಣೆ ಹರಿಯುವ ಒಂದು ತೂತು, ತೂತಿನ ಸುತ್ತ ಬೆರಳಗಲವೂ ಇಲ್ಲದ ಅಂಚು. ಕುಲಕರ್ಣಿಯವರು ಓಣಿಯವರನ್ನೆಲ್ಲ ಕೂಡಿಸಿ ಕವರಿನ ನಕಾಶೆ ಬಿಡಿಸಿ ಹೇಳಿದ್ದರು: ಮುಳ್ಳು ಇದ್ದರೆ ತೆಗೆಯಿರಿ, ಅಂಚನ್ನು ಮುಟ್ಟಬೇಡಿ. ನಾನು ಮನೆಗೆ ಬಂದು ಅತ್ತೆಗೆ, “ಆ ತೂತಿನ ಅಂಚಿಗೆ ಕಾನಸ ಹಚ್ಚಬ್ಯಾಡ್ರಿ,” ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಎದ್ದೆ. ಅದು ನನ್ನ ತಪ್ಪು, ಅರ್ಧ ಹೇಳಿದ್ದು.

ಅತ್ತೆ ಕಾನಸ ಹಚ್ಚಲಿಲ್ಲ, ಹೇಳಿದ್ದನ್ನು ಪಾಲಿಸಿದರು. ಆದರೆ ರೇಷ್ಮೆ ಎಳೆ ಅಲ್ಲಿ ನಿಲ್ಲುತ್ತಿತ್ತು. ಯಂತ್ರ ಕೆತ್ತಿದ ಅಂಚು ಚೊಕ್ಕವಾಗಿ ಚೂಪಿರುತ್ತದೆ, ಎಳೆ ನಿಲ್ಲದೆ ಏನು ಮಾಡೀತು? ಅವರು ಪಾಲಿಶ್ ಪೇಪರನ್ನು ಕಿರುಬೆರಳಿಗೆ ಸುತ್ತಿ, ಎಳೆ ಸರಾಗ ಹೋಗುವ ತನಕ ಆ ಅಂಚನ್ನು ತಿಕ್ಕಿದರು. ಒಂದಲ್ಲ, ಪೆಟ್ಟಿಗೆಗಟ್ಟಲೆ. ಮುತುವರ್ಜಿಯಿಂದ.

ಬಾಗಲಕೋಟೆಗೆ ಕರೆ ಬಂತು. ಹೋದೆ. ಕುಲಕರ್ಣಿಯವರು ಒಂದು ಕವರನ್ನು ಬಿಗಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಎಣ್ಣೆಯ ತೂತಿನ ಬಳಿಯಿಂದ ಗುಳ್ಳೆಗಳು ಸಾಲಾಗಿ ಎದ್ದವು.

“ಗಾಳಿ ಬಂದಲ್ಲೆ ನಾಳೆ ಎಣ್ಣಿ ಬರ್ತದ. ಇದರ ಅಂಚು ಯಾರು ತಿಂದಾರ, ಸುಶೀಲವ್ವ?”

ಪೆಟ್ಟಿಗೆಯ ಮೇಲೆ ನಮ್ಮ ಮನೆಯ ಗುರುತು ಇತ್ತು. ಬೆರಳಿಟ್ಟು ನೋಡಿದೆ, ಕೊಂಡಿ ಹಾಕುವವರ ಕೈ ತಿಕ್ಕಿದ ನಯ. ಯಾರದೆಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ನಾನ ರೀ ಸರ,” ಎಂದೆ.

ಅವರು ನನ್ನ ಮುಖ ನೋಡಿದರು, ಬಹುಶಃ ಮೊದಲ ಸಲ. “ಅತೀ ಮಾಡಿದ್ರ ಅಮೃತಾನೂ ವಿಷ ಆಗ್ತದ. ಮಾಲಕರು ಮನಿ ಮನಿಗೆ ಕೊಡೋದ ಬ್ಯಾಡ, ಎಲ್ಲಾರೂ ಇಲ್ಲಿ ಶೆಡ್ಡಿಗೆ ಬಂದು ಮಾಡ್ಲಿ ಅನ್ಲಿಕ್ಕತ್ತಾರ. ನಾಳೆ ನಿಮ್ಮ ಓಣಿಗೆ ಬಂದು ನೋಡಿ, ಏನನ್ನೋದು ಹೇಳ್ತೀನಿ.”

ಟೆಂಪೊದಲ್ಲಿ ತಪ್ಪಿದ ಪೆಟ್ಟಿಗೆಯ ಜೊತೆ ಕೂತು ಬರುವಾಗ ನನಗೆ ಇದ್ದದ್ದು ಒಂದೇ ಚಿಂತೆ. ನಾನು ಬಸ್ ಹಿಡಿದು ಶೆಡ್ಡಿಗೆ ಹೋದೇನು. ಮೆಹಬೂಬಿಯೂ ಬಂದಾಳು. ಅತ್ತೆ? ಅವರು ಮತ್ತೆ ಕಂಬಕ್ಕೆ ಒರಗುತ್ತಾರೆ, ಬೆರಳು ಮತ್ತೆ ತೊಡೆಯ ಮೇಲೆ ಆಡುತ್ತವೆ. ಅದಕ್ಕೆ ಕಾರಣ ತಾವೇ ಎಂದು ಗೊತ್ತಾದರಂತೂ ಅವರು ಉಳಿಯುವುದಿಲ್ಲ ಎನಿಸಿತು. ಪೆಟ್ಟಿಗೆಯನ್ನು ಜೋಳದ ಚೀಲದ ಹಿಂದೆ ಇಳಿಸಿದೆ.

“ಟೆಂಪೊ ಬಂತಲ್ಲ, ಏನ್ ಇಳಿಸಿದಿ?” ಎಂದರು.

“ಬ್ಯಾರೇದವರ ಮಾಲು ರೀ, ಸುಮ್ಮನ ಇಟ್ಟಾರ.”

ಅವರು ಮತ್ತೇನೂ ಕೇಳಲಿಲ್ಲ. ಅತ್ತೆ ಕೇಳದೆ ಬಿಟ್ಟರೆ ಅದು ನಂಬಿದ ಗುರುತಲ್ಲ ಎಂದು ಅಷ್ಟು ವರ್ಷ ಸಂಸಾರ ಮಾಡಿದ ನನಗೆ ತಿಳಿದಿರಬೇಕಿತ್ತು.

ಮರುದಿನ ಬೆಳಿಗ್ಗೆ ಕುಲಕರ್ಣಿಯವರು ಬಂದು ಎಂದಿನಂತೆ ಹೊಸ್ತಿಲ ಹೊರಗೇ ನಿಂತರು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಅವರು ಪೆಟ್ಟಿಗೆಯನ್ನು ಹೊಸ್ತಿಲ ಬಳಿಗೆ ತರಿಸಿದರು. ನಾನು, “ತಪ್ಪಾತ್ರಿ ಸರ, ನನಗ ತಿಳೀಲಿಲ್ಲ, ಓಣಿಯವರದೇನೂ ತಪ್ಪಿಲ್ಲ,” ಎಂದು ಶುರು ಮಾಡಿದೆ. ಆಗ ಅತ್ತೆ ಕಂಬ ಹಿಡಿದು ಎದ್ದರು. ಗೋಡೆ ಸವರುತ್ತ ಬಂದು ಪೆಟ್ಟಿಗೆಗೆ ಕೈ ಹಾಕಿದರು. ಒಂದು ಕವರು ಎತ್ತಿ ತೂತಿನ ಸುತ್ತ ಬೆರಳು ಆಡಿಸಿದರು. ಕೆಳಗಿಟ್ಟು ಇನ್ನೊಂದು ಎತ್ತಿದರು.

“ಸುಶೀಲಾ, ಇವು ನಿನ್ನ ಕೈಯವಲ್ಲ,” ಎಂದರು. ಕುಲಕರ್ಣಿಯವರ ದನಿ ಇದ್ದ ಕಡೆ ತಿರುಗಿದರು. “ಸಾಹೇಬ್ರ, ಇವು ನನ್ನ ಕೈಯವು.”

ಕುಲಕರ್ಣಿಯವರು ನಂಬಲಿಲ್ಲ. ಒಳ್ಳೆಯವು, ಕೆಟ್ಟವು ಕೂಡಿಸಿ ಒಂದು ರಾಶಿ ಮಾಡಿ ಮುಂದಿಟ್ಟರು. ಅತ್ತೆ ಕೂತು ಒಂದೊಂದೇ ಮುಟ್ಟಿ ಬೇರೆ ಮಾಡಿದರು, ಅಕ್ಕಿಯೊಳಗಿನ ಕಲ್ಲು ಆರಿಸಿದಷ್ಟು ಸಲೀಸಾಗಿ. ಕೆಟ್ಟವುಗಳಲ್ಲಿ ಒಂದನ್ನು ಮಾತ್ರ ಪಕ್ಕಕ್ಕೆ ಇಟ್ಟು, “ಇದೊಂದು ಸುಶೀಲಾಂದು. ಗಡಿಬಿಡಿಯಾಗ ತಿಕ್ಯಾಳ,” ಎಂದರು. ಖರೆ ಹೇಳುತ್ತೇನೆ, ಅದು ನನ್ನದೇ. ಮಹಾತ್ಯಾಗಿಯ ಹಾಗೆ ತಪ್ಪು ಹೊತ್ತುಕೊಂಡವಳ ಸ್ವಂತ ತಪ್ಪೂ ಅದರಲ್ಲಿ ಒಂದಿತ್ತು! ನಾಚಿಕೆಯಿಂದ ನನಗೆ ತಲೆ ಎತ್ತಲು ಆಗಲಿಲ್ಲ.

“ಸಾಹೇಬ್ರ,” ಎಂದರು ಅತ್ತೆ, “ಯಾವ ಅಂಚು ಇರಬೇಕು, ಯಾವದು ಹೋಗಬೇಕು, ನನ್ನ ಬಳ್ಳಿಗೆ ತೋರಸ್ರಿ. ಬಾಯಿಲೆ ಹೇಳಬ್ಯಾಡ್ರಿ, ನಕಾಶಿ ನನಗ ಕಾಣೂದಿಲ್ಲ.”

ನಮ್ಮ ಕಡೆ ಬೆರಳಿಗೆ ಬಳ್ಳು ಎನ್ನುತ್ತಾರೆ. ಕುಲಕರ್ಣಿಯವರು ಚಪ್ಪಲಿ ಬಿಟ್ಟು ಮೊದಲ ಸಲ ನಮ್ಮ ಹೊಸ್ತಿಲು ದಾಟಿದರು. ನೆಲದ ಮೇಲೆ ಕೂತರು. ಅತ್ತೆಯ ತೋರುಬೆರಳು ಹಿಡಿದು ಒಂದು ಒಳ್ಳೆಯ ಕವರಿನ ಸುತ್ತ ನಿಧಾನವಾಗಿ ನಡೆಸಿದರು, ಸಾಲೆಯಲ್ಲಿ ಅಕ್ಷರ ತಿದ್ದಿಸಿದ ಹಾಗೆ. “ಇದು ಇರಬೇಕು ಆಯಿ. ಇದು ಹೋಗಬೇಕು. ಇದು ಇರಬೇಕು.” ಅತ್ತೆ, “ಹಾಂ, ತಿಳೀತು. ಇದು ಕೊಂಡಿ ಇದ್ದಂಗ. ಜಗ್ಗಿ ಹಿಡಿಯೂ ಕಡೆ ನಯ ಮಾಡಬಾರದು,” ಎಂದರು.

ಶೆಡ್ಡಿನ ಮಾತು ಮುಂದೆ ಬರಲಿಲ್ಲ. ಅದರ ಬದಲು ಕುಲಕರ್ಣಿಯವರು ಪ್ರತಿ ಮನೆಗೂ ಒಂದು ಸರಿಯಾದ ಕವರನ್ನು ನಮೂನೆಯೆಂದು ಕೊಟ್ಟರು. ನಕಾಶೆ ಸುತ್ತಿ ಒಯ್ದರು. ಆಮೇಲೆ ನಮ್ಮ ಓಣಿಯ ಮಾಲು ತಿರುಗಿ ಬಂದದ್ದು ಕಡಿಮೆ. ಹೊಸಬರಿಗೆ ನಾನು ಇಂದಿಗೂ ಹೇಳುವುದು ಅದನ್ನೇ. ಮೊದಲು ನಮೂನೆ ಮುಟ್ಟಿ, ಆಮೇಲೆ ಕಾನಸ ಮುಟ್ಟಿ.

ಅಂದು ಕುಲಕರ್ಣಿಯವರು ಹೊರಟ ಮೇಲೆ ನನಗೆ ಸಿಟ್ಟು ಬಂತು. ಕೆಲಸ ಉಳಿಯಿತು ಸರಿ, ಕಳೆದುಹೋಗಿದ್ದರೆ? “ಯಾರು ಹೇಳಂದಿದ್ರು ನಿಮಗ? ನಾ ಎಲ್ಲಾ ನನ್ನ ಮ್ಯಾಲ ತಗೊಂಡಿದ್ದೆ,” ಎಂದೆ.

ಅತ್ತೆ ಕಾನಸ ಕೈಗೆ ತೆಗೆದುಕೊಂಡಿದ್ದರು. “ಕಣ್ಣು ದೇವರು ಕಸಗೊಂಡ. ಕೈ ಆದ್ರೂ ನಂದ ಇರಲಿ. ಅದನ್ನ ನೀ ಕಸಗೋಬ್ಯಾಡ ಯವ್ವಾ,” ಎಂದರು. ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಆಮೇಲೆ ಆರು ವರ್ಷ ಅವರು ಕೆಲಸ ಮಾಡಿದರು. ತೀರಿಹೋದ ದಿನ ಅವರ ಬೆರಳ ಸಂದಿಯಲ್ಲಿ ಕಪ್ಪು ಇತ್ತು. ತೊಳೆಯುವವರಿಗೆ, ಇರಲಿ ಬಿಡ್ರಿ ಎಂದೆ.

ಈಗ ನನ್ನ ಮಾತಿಗೆ ಬರುತ್ತೇನೆ. ಕುಲಕರ್ಣಿಯವರು ನಿವೃತ್ತರಾದರು. ಅವರ ಜಾಗಕ್ಕೆ ರಾಮಥಾಳದ ಹುಡುಗಿ ಸವಿತಾ ಬಂದಳು, ಡಿಪ್ಲೊಮಾ ಓದಿದವಳು, ಚುರುಕು. ಕೆಂಪು ಸೀಸದ ಕಡ್ಡಿ ಹೋಯಿತು. ತಪ್ಪಿದ ಕವರಿನ ಫೋಟೊಗೆ ಫೋನಿನಲ್ಲೇ ಕೆಂಪು ಸುತ್ತು ಹಾಕಿ ಓಣಿಯ ವಾಟ್ಸಾಪ್ ಗುಂಪಿಗೆ ಕಳಿಸುತ್ತಾಳೆ. ಮನೆಯ ಗುರುತು ಹಾಕುವುದೂ ನಿಂತಿತು. ಎರಡು ಮನೆಯ ಮಾಲು ಒಂದೇ ಪ್ಲಾಸ್ಟಿಕ್ ಟ್ರೇಯಲ್ಲಿ ಹೋಗುತ್ತದೆ. ನನ್ನದೂ ಮೆಹಬೂಬಿಯದೂ ಒಂದು ಟ್ರೇ.

ನನ್ನ ಬಲಗೈಯ ತೋರುಬೆರಳು ಜೋಮು ಹಿಡಿಯತೊಡಗಿತ್ತು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ದಿನವಿಡೀ. ದವಾಖಾನೆಯಲ್ಲಿ ನರದ ತೊಂದರೆ ಎಂದರು, ಗುಳಿಗೆ ಕೊಟ್ಟರು. ಬಿಸಿ ತವೆಗೆ ತಾಗಿದರೂ ತಡವಾಗಿ ಗೊತ್ತಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಕನ್ನಡಕ ಹಾಕಿ ಬಾಗಿಲ ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡತೊಡಗಿದೆ. ಮುಳ್ಳು ಕಣ್ಣಿಗೆ ಕಾಣುವುದಿಲ್ಲ ಎಂದು ಮೊದಲ ದಿನವೇ ಕಲಿತವಳು ನಾನು!

ಒಂದು ಮಧ್ಯಾಹ್ನ ಸವಿತಾಳ ಫೋಟೊ ಬಂತು. ಎಣ್ಣೆಯ ತೂತು, ಸುತ್ತ ಕೆಂಪು ಸುತ್ತು, ತಿಂದ ಅಂಚು. ಒಂದರ ಹಿಂದೆ ಒಂದು ಏಳು ಫೋಟೊ. “ಈ ಟ್ರೇ ಯಾರ್ದು? ಸುಶೀಲಕ್ಕಂದೋ, ಮೆಹಬೂಬಿ ಅಕ್ಕಂದೋ?” ಎಂದು ಕೇಳಿದ್ದಳು. ನಾನು ನೋಡಿ ಮುಗಿಸುವ ಮೊದಲೇ ಗುಂಪಿನಲ್ಲಿ ಮೆಹಬೂಬಿಯ ದನಿ ಬಂತು: “ನಂದ ಇರಬೇಕು ನೋಡವಾ ಸವಿತಾ. ಮೊನ್ನಿ ಗಡಿಬಿಡಿಯಾಗ ಮಾಡೇನಿ.”

ಮೆಹಬೂಬಿ ಜೀವಮಾನದಲ್ಲಿ ಗಡಿಬಿಡಿ ಮಾಡಿದವಳಲ್ಲ. ಅವಳ ಮನೆಗೆ ಬೆಂಕಿ ಬಿದ್ದರೂ ಸೆರಗು ಸರಿ ಮಾಡಿಕೊಂಡು ಏಳುವವಳು. ನನ್ನ ಬೆರಳಿನ ಸಂಗತಿ ಅವಳಿಗೆ ಯಾವಾಗಲೋ ಗೊತ್ತಾಗಿತ್ತು. ನನಗೆ ಮೊದಲು ಆದದ್ದು ಸಮಾಧಾನ, ಅದನ್ನು ಮುಚ್ಚಿಡುವುದಿಲ್ಲ. ಸದ್ಯ ಬಚಾವಾದೆ ಎಂದೇ ಅನಿಸಿತು. ಆ ದನಿಯನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಎರಡನೆಯ ಸಲ ಕೇಳುವಾಗ ಅದು ಮೆಹಬೂಬಿಯ ದನಿ ಅನಿಸಲಿಲ್ಲ. ನಾನೇ ಬಾಗಲಕೋಟೆಯ ನೀರಿನ ತೊಟ್ಟಿಯ ಮುಂದೆ ನಿಂತು, “ನಾನ ರೀ ಸರ,” ಎಂದ ಹಾಗಿತ್ತು. ಅತ್ತೆಗೆ ಅಂದು ಎಂಥ ನೋವಾಗಿತ್ತು ಎಂದು ನನಗೆ ತಿಳಿದದ್ದು ಅವತ್ತು.

ಫೋನಿನ ಗುಂಡಿ ಒತ್ತಿ ಹಿಡಿದೆ. “ಸವಿತಾ, ಮೆಹಬೂಬಿ ಸುಳ್ಳು ಹೇಳಾಕತ್ತಾಳ. ಇವು ನನ್ನ ಕೈಯವು.”

ಮೆಹಬೂಬಿ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಳು. ಬಾಗಿಲಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, “ಯಾರು ಹೇಳಂದಿದ್ರು ನಿನಗ?” ಎಂದು ಬೈದಳು.

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಆದರೆ ಅದು ಕೈ ಆದ್ರೂ ನಂದ ಇರಲಿ ಎಂದ ಅತ್ತೆಯ ಮಾತು. ನಾನು ಕಾನಸ ಒರೆಸಿ ಗೂಡಿನಲ್ಲಿಟ್ಟು, ಚಹಾಕ್ಕೆ ನೀರಿಟ್ಟೆ.